ರಾತ್ರಿ ಆಕಾಶದ ಫೋಟೋ: ಮಂಕು ಬೆಳಕನ್ನು ಕೂಡಿಡುವ ಲೆಕ್ಕ

ಆಂಡ್ರೊಮಿಡಾ ಗೆಲಾಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅಷ್ಟು ದೂರದ್ದು ಆಕಾಶದಲ್ಲಿ ಒಂದು ಚುಕ್ಕೆಯಷ್ಟೇ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಫೋಟೋದಲ್ಲಿ ಅದು ಹರಡಿಕೊಂಡಿರುವ ಉದ್ದವನ್ನು ಅಳೆದರೆ ಸುಮಾರು 3 ಡಿಗ್ರಿ ಬರುತ್ತದೆ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ! ಇಷ್ಟು ದೊಡ್ಡದು ತಲೆಯ ಮೇಲೇ ಇದ್ದರೂ ನಮಗೆ ಕಾಣುವುದಿಲ್ಲ. ಒಳ್ಳೆಯ ಕತ್ತಲಿದ್ದರೆ ನಡುವಿನ ಭಾಗ ಮಾತ್ರ ಮಸುಕಾದ ಮಚ್ಚೆಯ ಹಾಗೆ ಕಣ್ಣಿಗೆ ಸಿಗುತ್ತದೆ.

ನಕ್ಷತ್ರಗಳ ಫೋಟೋ ತೆಗೆಯಬೇಕು ಅನ್ನುವವರು ಮೊದಲು ಕೇಳುವುದು "ಎಷ್ಟು ಜೂಮ್ ಬೇಕು?" ಅಂತ. ಎಷ್ಟೋ ನೀಹಾರಿಕೆಗಳಿಗೆ (ಆಕಾಶದಲ್ಲಿರುವ ಅನಿಲ, ಧೂಳಿನ ಮೋಡಗಳು), ಆಕಾಶಗಂಗೆಗೆ, ಈ ಆಂಡ್ರೊಮಿಡಾಗೆ ದೊಡ್ಡ ಜೂಮ್ ಬೇಕಿಲ್ಲ. ಅವು ಕಾಣದಿರುವುದಕ್ಕೆ ಕಾರಣ ಗಾತ್ರವಲ್ಲ, ಮಂಕುತನ. ಹಾಗಾಗಿ ಈ ಹವ್ಯಾಸದಲ್ಲಿ ಇರುವುದು ಒಂದೇ ಕೆಲಸ. ಆ ಮಂಕು ಬೆಳಕನ್ನು ಆದಷ್ಟು ಜಾಸ್ತಿ ಕೂಡಿಡಬೇಕು, ಅದರ ಜತೆಗೆ ನುಸುಳುವ ಬೇಡದ್ದನ್ನು ಆದಷ್ಟು ಕಡಿಮೆ ಮಾಡಬೇಕು. ಟ್ರೈಪಾಡ್, ಟ್ರ್ಯಾಕರ್, ಸ್ಟ್ಯಾಕಿಂಗ್, ಫಿಲ್ಟರ್, ಅಮಾವಾಸ್ಯೆಗೆ ಕಾಯುವುದು, ಊರಿನಿಂದ ದೂರ ಹೋಗುವುದು, ಎಲ್ಲವೂ ಈ ಲೆಕ್ಕದ ಒಳಗೇ ಬರುತ್ತವೆ.

ಕಣ್ಣಿಗೆ ಆಗದ್ದು ಕ್ಯಾಮೆರಾಗೆ ಹೇಗೆ ಆಗುತ್ತದೆ?

ನಮ್ಮ ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು ಬಂದ ಬೆಳಕನ್ನು ನೋಡಿ, ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಹತ್ತು ನಿಮಿಷ ದಿಟ್ಟಿಸಿದರೂ ನೀಹಾರಿಕೆ ಮೊದಲಿಗಿಂತ ಹೊಳಪಾಗುವುದಿಲ್ಲ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು ಅನ್ನುವುದು ನಿಜ. ಆದರೆ ಅದು ಕಣ್ಣಿನ ಸೂಕ್ಷ್ಮತೆ ಹೆಚ್ಚುವ ವಿಷಯ, ಬೆಳಕು ಸೇರುವ ವಿಷಯವಲ್ಲ. ಇನ್ನೊಂದು ತೊಂದರೆಯೂ ಇದೆ. ತೀರಾ ಮಂಕು ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಅದಕ್ಕೇ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದರೂ ಹೆಚ್ಚಿನ ನೀಹಾರಿಕೆಗಳು ಬೂದಿ ಬಣ್ಣದ ಹೊಗೆಯ ಹಾಗೆ ಕಾಣುತ್ತವೆ.

ಕ್ಯಾಮೆರಾದ ಸೆನ್ಸರ್ ಹಾಗಲ್ಲ. ಶಟರ್ ತೆರೆದಿರುವಷ್ಟು ಹೊತ್ತೂ ಬಂದದ್ದನ್ನೆಲ್ಲ ಕೂಡಿಡುತ್ತದೆ. ಹಳೆಯ ಫೋಟೋ ತಟ್ಟೆಗಳೂ ಇದನ್ನೇ ಮಾಡುತ್ತಿದ್ದವು. 1850ರಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಂ ಬಾಂಡ್ ಮತ್ತು ಜಾನ್ ವಿಪಲ್ ಅಭಿಜಿತ್ ನಕ್ಷತ್ರದ ಫೋಟೋ ತೆಗೆದರು. ಸೂರ್ಯನನ್ನು ಬಿಟ್ಟರೆ ಫೋಟೋಗೆ ಸಿಕ್ಕ ಮೊದಲ ನಕ್ಷತ್ರ ಅದೇ. ಮೂವತ್ತು ವರ್ಷದ ನಂತರ, 1880ರಲ್ಲಿ, ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ 51 ನಿಮಿಷ ತಟ್ಟೆಯನ್ನು ತೆರೆದಿಟ್ಟು ಓರಿಯನ್ ನೀಹಾರಿಕೆಯನ್ನು ಹಿಡಿದ. ಆದರೆ ನಿಜವಾಗಿ ಲೆಕ್ಕ ಬದಲಿಸಿದವನು ಇಂಗ್ಲೆಂಡಿನ ಆಂಡ್ರೂ ಕಾಮನ್. ಅವನ ಕೆಲಸ ನೈರ್ಮಲ್ಯದ ಎಂಜಿನಿಯರಿಂಗ್, ಖಗೋಳ ಬರೀ ಹವ್ಯಾಸ. ಮನೆಯ ಹಿತ್ತಲಲ್ಲಿ 36 ಇಂಚಿನ ಕನ್ನಡಿಯ ಟೆಲಿಸ್ಕೋಪ್ ಇಟ್ಟುಕೊಂಡಿದ್ದ. 1883ರಲ್ಲಿ ಅವನು ತೆಗೆದ ಓರಿಯನ್ ಫೋಟೋದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದ್ದವು. ಅಲ್ಲಿಯವರೆಗೆ ಫೋಟೋ ಅಂದರೆ ಕಂಡದ್ದರ ದಾಖಲೆ. ಕಾಣದ್ದನ್ನೂ ಅದು ತೋರಿಸಬಲ್ಲದು ಅಂತ ಅಂದು ಗೊತ್ತಾಯಿತು, ಅದೂ ಒಬ್ಬ ಹವ್ಯಾಸಿಯಿಂದ.

ಬೆಳಕು ಎಷ್ಟು ಬರುತ್ತದೆ?

ಕೂಡಿಡಬೇಕಾದ ಬೆಳಕು ಎಷ್ಟು ಸಣ್ಣದು ಅಂತ ಒಮ್ಮೆ ಎಣಿಸಿ ನೋಡೋಣ. ಆಕಾಶದ ಹೊಳಪನ್ನು ಮ್ಯಾಗ್ನಿಟ್ಯೂಡ್‌ನಲ್ಲಿ ಅಳೆಯುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಹೊಳಪು ಕಡಿಮೆ. 5 ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಂದರೆ ಹೊಳಪಿನಲ್ಲಿ 100 ಪಟ್ಟು ವ್ಯತ್ಯಾಸ. ಅಭಿಜಿತ್ ನಕ್ಷತ್ರದ್ದು ಹತ್ತಿರ ಹತ್ತಿರ 0. ಒಳ್ಳೆಯ ಕತ್ತಲಿನಲ್ಲಿ ಬರಿಗಣ್ಣಿಗೆ ಕಾಣುವ ಕೊನೆಯ ನಕ್ಷತ್ರಗಳದ್ದು ಸುಮಾರು 6. ಇನ್ನು 15ನೇ ಮ್ಯಾಗ್ನಿಟ್ಯೂಡಿನ ಒಂದು ನಕ್ಷತ್ರ ತಗೊಳ್ಳಿ. ಅದರಿಂದ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಸೆಕೆಂಡಿಗೆ ಬರುವ ಹಸಿರು-ಹಳದಿ ಬೆಳಕು ಹತ್ತಿರ ಹತ್ತಿರ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ. ಒಂದೇ ಒಂದು!

ಈಗ ಲೆನ್ಸ್ ಕಡೆ ಬನ್ನಿ. 24 ಮಿ.ಮೀ. ಲೆನ್ಸನ್ನು ಎಫ್/2.8ರಲ್ಲಿ ಇಟ್ಟರೆ ಬೆಳಕು ಒಳಗೆ ಬರುವ ತೂತಿನ ಅಗಲ 24 ಭಾಗಿಸು 2.8, ಅಂದರೆ ಸುಮಾರು 8.6 ಮಿ.ಮೀ. ಅದರ ವಿಸ್ತೀರ್ಣ ಅರ್ಧ ಚದರ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. 50 ಮಿ.ಮೀ. ಲೆನ್ಸನ್ನು ಎಫ್/2ರಲ್ಲಿ ಇಟ್ಟರೆ ತೂತು 25 ಮಿ.ಮೀ., ವಿಸ್ತೀರ್ಣ ಸುಮಾರು 5 ಚದರ ಸೆಂಟಿಮೀಟರ್. ಅದೇ ನಕ್ಷತ್ರದಿಂದ ಎಂಟು ಪಟ್ಟಿಗಿಂತಲೂ ಜಾಸ್ತಿ ಬೆಳಕು ಒಳಗೆ ಬಂತು. ದೊಡ್ಡ ಟೆಲಿಸ್ಕೋಪಿಗೆ ಬೆಲೆ ಕಟ್ಟುವುದು ಅದರ ಬಾಯಿಯ ಅಗಲಕ್ಕೆ, ಅದು ಎಷ್ಟು ಹತ್ತಿರ ತೋರಿಸುತ್ತದೆ ಅನ್ನುವುದಕ್ಕಲ್ಲ. ಆಕಾಶಗಂಗೆಯ ಹಾಗೆ ಹರಡಿಕೊಂಡಿರುವ ಬೆಳಕಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಒಂದೊಂದು ಪಿಕ್ಸೆಲ್‌ಗೆ ಬೀಳುವ ಬೆಳಕನ್ನು ತೀರ್ಮಾನಿಸುವುದು ಎಫ್ ಸಂಖ್ಯೆ. ಅದು ಚಿಕ್ಕದಾದಷ್ಟೂ ಒಳ್ಳೆಯದು.

ಐಎಸ್‌ಒ (ಚಿತ್ರ ಎಷ್ಟು ಹೊಳಪಾಗಿ ಬರಬೇಕು ಅಂತ ಹೇಳುವ ಕ್ಯಾಮೆರಾದ ಸೆಟ್ಟಿಂಗ್) ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಐಎಸ್‌ಒ ಏರಿಸಿದರೆ ಒಂದು ಫೋಟಾನ್ ಕೂಡ ಜಾಸ್ತಿ ಬರುವುದಿಲ್ಲ. ಬಂದದ್ದನ್ನು ಕ್ಯಾಮೆರಾ ದೊಡ್ಡದಾಗಿ ತೋರಿಸುತ್ತದೆ, ಅಷ್ಟೇ. ಬಹಳಷ್ಟು ಕ್ಯಾಮೆರಾಗಳಲ್ಲಿ ಐಎಸ್‌ಒ ಒಂದು ಮಟ್ಟಕ್ಕೆ ಏರಿದಾಗ, ಸೆನ್ಸರ್ ಓದುವಾಗ ಆಗುವ ಗಲಿಬಿಲಿ ಸ್ವಲ್ಪ ಇಳಿಯುತ್ತದೆ. ಅದಕ್ಕಾಗಿ 800, 1600 ಅಥವಾ 3200 ಇಡುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಲಾಭ ಇಲ್ಲ. ನಕ್ಷತ್ರಗಳು ಬಣ್ಣ ಕಳೆದುಕೊಂಡು ಬಿಳಿ ಚುಕ್ಕೆಗಳಾಗುತ್ತವೆ.

ಭೂಮಿ ಸುಮ್ನೆ ನಿಲ್ಲುವುದಿಲ್ಲ

ಹಾಗಾದರೆ ಶಟರನ್ನು ಒಂದು ಗಂಟೆ ತೆರೆದಿಟ್ಟುಬಿಟ್ಟರೆ ಆಯಿತಲ್ವಾ? ಆಗುವುದಿಲ್ಲ. ಭೂಮಿ ತಿರುಗುತ್ತಿದೆ. ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು. ಗಂಟೆಗೆ ಸುಮಾರು 15 ಡಿಗ್ರಿ, ಸೆಕೆಂಡಿಗೆ 15 ಆರ್ಕ್‌ಸೆಕೆಂಡು. ಡಿಗ್ರಿಯ 3600ನೇ ಒಂದು ಭಾಗ ಅಂದರೆ ಒಂದು ಆರ್ಕ್‌ಸೆಕೆಂಡು. ಶಟರ್ ತೆರೆದಿರುವಾಗ ಆಕಾಶ ಸರಿಯುತ್ತದೆ, ಚುಕ್ಕೆ ಗೆರೆಯಾಗುತ್ತದೆ.

ಎಷ್ಟು ಹೊತ್ತು ತೆರೆದಿಡಬಹುದು ಅನ್ನುವುದಕ್ಕೆ ಹಳೆಯ "500ರ ನಿಯಮ" ಒಂದಿದೆ. 500ನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿ, ಅಷ್ಟು ಸೆಕೆಂಡು. 24 ಮಿ.ಮೀ.ಗೆ ಸುಮಾರು 20 ಸೆಕೆಂಡು. ಸೆನ್ಸರ್ ಚಿಕ್ಕದಿದ್ದರೆ ಮಿ.ಮೀ.ಯನ್ನು ಮೊದಲು 1.5ರಿಂದ ಗುಣಿಸಿಕೊಳ್ಳಬೇಕು. ಈ ನಿಯಮ ನನಗೆ ಅಷ್ಟಾಗಿ ಇಷ್ಟವಿಲ್ಲ. ಫಿಲ್ಮ್ ಕಾಲದ ಸಡಿಲ ಲೆಕ್ಕ ಅದು. 24 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ ಅಗಲ. 24 ಮಿ.ಮೀ. ಲೆನ್ಸಿನಲ್ಲಿ ಆ ಒಂದು ಪಿಕ್ಸೆಲ್ ಆಕಾಶದ ಸುಮಾರು 52 ಆರ್ಕ್‌ಸೆಕೆಂಡನ್ನು ನೋಡುತ್ತದೆ. ಅದನ್ನು ದಾಟಲು ನಕ್ಷತ್ರಕ್ಕೆ ಮೂರೂವರೆ ಸೆಕೆಂಡು ಸಾಕು. 20 ಸೆಕೆಂಡಿನಲ್ಲಿ ಅದು ಆರು ಪಿಕ್ಸೆಲ್ ಸರಿದಿರುತ್ತದೆ. ಮೊಬೈಲಿನಲ್ಲಿ ನೋಡುವ ಫೋಟೋಗೆ ಪರವಾಗಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಗೆರೆ ಕಾಣುತ್ತದೆ. 10 ಸೆಕೆಂಡಿನ ಒಳಗೆ ಇಟ್ಟುಕೊಂಡರೆ ಒಳ್ಳೆಯದು. ಈ ಲೆಕ್ಕ ಆಕಾಶದ ಸಮಭಾಜಕದ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಎಳೆದ ಗೆರೆ) ಹತ್ತಿರದ ನಕ್ಷತ್ರಗಳದ್ದು. ಧ್ರುವದ ಹತ್ತಿರದವು ತುಂಬ ನಿಧಾನ, ಅಲ್ಲಿ ಇನ್ನೂ ಜಾಸ್ತಿ ಹೊತ್ತು ತೆರೆದಿಡಬಹುದು.

ಈ ಸರಿಯುವಿಕೆಯನ್ನೇ ಚಂದವಾಗಿ ಬಳಸಿಕೊಂಡವು ನಕ್ಷತ್ರಗಳ ಗೆರೆಗಳು ಧ್ರುವದ ಸುತ್ತ ವೃತ್ತವಾಗಿ ಸುತ್ತುವ ಫೋಟೋಗಳು. ಅವನ್ನೂ ಈಗ ಒಂದೇ ಸಲ ತೆಗೆಯುವುದಿಲ್ಲ. ಅರ್ಧ ನಿಮಿಷದ ನೂರಾರು ಫೋಟೋ ತೆಗೆದು ಒಂದರ ಮೇಲೊಂದು ಸೇರಿಸುತ್ತಾರೆ.

ಗೆರೆ ಬೇಡ, ಹೊತ್ತು ಬೇಕು ಅನ್ನುವವರಿಗೆ ಟ್ರ್ಯಾಕರ್ ಇದೆ. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿದ ಒಂದು ಮೋಟಾರು, ಭೂಮಿ ತಿರುಗುವ ವೇಗದಲ್ಲೇ ಕ್ಯಾಮೆರಾವನ್ನು ಉಲ್ಟಾ ತಿರುಗಿಸುತ್ತದೆ. ಇದರಲ್ಲಿ ಕಷ್ಟದ ಕೆಲಸ ಅಂದರೆ ಅಕ್ಷವನ್ನು ಸರಿಯಾಗಿ ಧ್ರುವಕ್ಕೆ ಗುರಿಯಿಡುವುದು. ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟರೆ ಸಾಲದು. ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ದೂರ ಇದೆ, ಅಂದರೆ ಒಂದು ಚಂದ್ರನ ಅಗಲಕ್ಕಿಂತ ಆಚೆ. ಟ್ರ್ಯಾಕರಿನ ಜತೆ ಬರುವ ಪುಟ್ಟ ದುರ್ಬೀನಿನಲ್ಲಿ ಈ ವ್ಯತ್ಯಾಸಕ್ಕೆ ಗುರುತು ಹಾಕಿರುತ್ತಾರೆ. ದಕ್ಷಿಣಾರ್ಧ ಗೋಳದವರ ಪಾಡು ಇನ್ನೂ ಕಷ್ಟ. ಅವರ ಧ್ರುವದ ಹತ್ತಿರ ಇರುವ ನಕ್ಷತ್ರ ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಂಕು.

ನಾಯ್ಸ್ ಎಲ್ಲಿಂದ ಬರುತ್ತದೆ, ಸ್ಟ್ಯಾಕಿಂಗ್ ಏನು ಮಾಡುತ್ತದೆ?

ಇಡೀ ವಿಷಯದ ಹೃದಯ ಇರುವುದು ಇಲ್ಲಿ. ಕತ್ತಲಲ್ಲಿ ತೆಗೆದ ಫೋಟೋ ಕಾಳು ಕಾಳಾಗಿ ಬರುತ್ತದಲ್ಲ, ಅದಕ್ಕೆ ನಾಯ್ಸ್ ಅನ್ನುತ್ತಾರೆ. ಕ್ಯಾಮೆರಾ ಸರಿ ಇಲ್ಲ, ಅದಕ್ಕೇ ಹೀಗೆ ಅಂತ ಹಲವರು ಅಂದುಕೊಳ್ಳುತ್ತಾರೆ. ಆದರೆ ನಾಯ್ಸಿನ ದೊಡ್ಡ ಪಾಲು ಬೆಳಕಿನ ಸ್ವಭಾವದಲ್ಲೇ ಇದೆ.

ಮಳೆಯಲ್ಲಿ ಒಂದೇ ಅಳತೆಯ ಎರಡು ಬಟ್ಟಲು ಪಕ್ಕ ಪಕ್ಕ ಇಡಿ. ಒಂದು ಸೆಕೆಂಡಿನಲ್ಲಿ ಎರಡಕ್ಕೂ ಬಿದ್ದ ಹನಿಗಳನ್ನು ಎಣಿಸಿದರೆ ಸಮ ಬರುವುದಿಲ್ಲ. ಒಂದಕ್ಕೆ 7, ಇನ್ನೊಂದಕ್ಕೆ 12. ಒಂದು ಗಂಟೆ ಬಿಟ್ಟು ನೋಡಿದರೆ ಎರಡರಲ್ಲೂ ನೀರು ಒಂದೇ ಮಟ್ಟದಲ್ಲಿ ಇರುತ್ತದೆ. ಫೋಟಾನುಗಳೂ ಹೀಗೆಯೇ ಬಿಡಿಬಿಡಿಯಾಗಿ, ಹೊತ್ತುಗೊತ್ತಿಲ್ಲದೆ ಬೀಳುತ್ತವೆ. ಸರಾಸರಿ 100 ಬೀಳಬೇಕಾದ ಕಡೆ ಒಮ್ಮೆ 90, ಒಮ್ಮೆ 110 ಬೀಳಬಹುದು. ಈ ಏರುಪೇರು ಎಷ್ಟು ಅನ್ನುವುದಕ್ಕೆ ಸರಳ ಸೂತ್ರ ಇದೆ: ಸಂಖ್ಯೆಯ ವರ್ಗಮೂಲ. 100ಕ್ಕೆ ಏರುಪೇರು 10, ಅಂದರೆ ಶೇ 10. 10,000ಕ್ಕೆ ಏರುಪೇರು 100, ಅಂದರೆ ಶೇ 1 ಮಾತ್ರ. ಬೆಳಕು ಜಾಸ್ತಿ ಸೇರಿದಷ್ಟೂ ಏರುಪೇರೂ ಬೆಳೆಯುತ್ತದೆ. ಆದರೆ ಬೆಳಕು ಅದಕ್ಕಿಂತ ಬೇಗ ಬೆಳೆಯುತ್ತದೆ. ಇದೇ ನಮಗೆ ಸಿಗುವ ಅವಕಾಶ.

ಸ್ಟ್ಯಾಕಿಂಗ್ ಅಂದರೆ ಒಂದೇ ಜಾಗದ ಹಲವಾರು ಫೋಟೋಗಳನ್ನು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ, ಸರಾಸರಿ ತೆಗೆಯುವುದು. ನೀಹಾರಿಕೆ ಎಲ್ಲ ಫೋಟೋಗಳಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಕಾಳುಗಳು ಪ್ರತಿ ಫೋಟೋದಲ್ಲೂ ಬೇರೆ ಬೇರೆ ಕಡೆ ಇರುತ್ತವೆ. ಸರಾಸರಿ ತೆಗೆದಾಗ ಕಾಳುಗಳು ಒಂದನ್ನೊಂದು ಹೊಡೆದುಹಾಕುತ್ತವೆ, ನೀಹಾರಿಕೆ ಉಳಿಯುತ್ತದೆ. 4 ಫೋಟೋ ಸೇರಿಸಿದರೆ ಸ್ಪಷ್ಟತೆ ಎರಡು ಪಟ್ಟು, 16ಕ್ಕೆ ನಾಲ್ಕು ಪಟ್ಟು, 100ಕ್ಕೆ ಹತ್ತು ಪಟ್ಟು. ಅಲ್ಲಿಂದ ಇಪ್ಪತ್ತು ಪಟ್ಟಿಗೆ ಹೋಗಬೇಕು ಅಂದರೆ 400 ಬೇಕು. ಮೊದಲ ಒಂದು ಗಂಟೆಯಲ್ಲಿ ಆಗುವ ಲಾಭ ಹತ್ತನೇ ಗಂಟೆಯಲ್ಲಿ ಆಗುವುದಿಲ್ಲ ಅಂತ ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ಒಂದು ಗಂಟೆಯನ್ನು 3600 ತುಂಡು ಮಾಡಿದರೂ ಒಂದೇ, 12 ತುಂಡು ಮಾಡಿದರೂ ಒಂದೇ ಅಲ್ವಾ? ಹತ್ತಿರ ಹತ್ತಿರ ಹೌದು, ಪೂರ್ತಿ ಅಲ್ಲ. ಸೆನ್ಸರಿನಿಂದ ಚಿತ್ರವನ್ನು ಓದುವಾಗ ಪ್ರತಿ ಸಲವೂ ಸ್ವಲ್ಪ ಗಲಿಬಿಲಿ ಸೇರಿಕೊಳ್ಳುತ್ತದೆ. ತುಂಡು ಜಾಸ್ತಿಯಾದಷ್ಟೂ ಓದುವುದೂ ಜಾಸ್ತಿ. ಆದರೆ ಆಕಾಶದ ಹಿನ್ನೆಲೆ ಬೆಳಕಿನ ಏರುಪೇರು ಈ ಗಲಿಬಿಲಿಯನ್ನು ಮುಳುಗಿಸುವಷ್ಟು ದೊಡ್ಡದಾದ ಮೇಲೆ ಒಂದೊಂದು ಫೋಟೋವನ್ನು ಇನ್ನೂ ಉದ್ದ ಮಾಡಿ ಪ್ರಯೋಜನ ಇಲ್ಲ. ನಗರದಲ್ಲಿ ಅದಕ್ಕೆ ಅರ್ಧ ನಿಮಿಷ ಸಾಕಾಗಬಹುದು. ಕಗ್ಗತ್ತಲಲ್ಲಿ ಕೆಲವು ನಿಮಿಷ ಬೇಕು. ತುಂಡು ಮಾಡುವುದರಿಂದ ಇನ್ನೊಂದು ಅನುಕೂಲವೂ ಇದೆ. ಉಪಗ್ರಹ, ವಿಮಾನ ಹಾದುಹೋದ ಗೆರೆ ಒಂದೆರಡು ಫೋಟೋದಲ್ಲಿ ಮಾತ್ರ ಇರುತ್ತದೆ. ಆ ಪಿಕ್ಸೆಲ್ ಉಳಿದವಕ್ಕಿಂತ ತೀರಾ ಬೇರೆ ಇದೆ ಅಂತ ಸಾಫ್ಟ್‌ವೇರ್ ಗುರುತಿಸಿ ಅದನ್ನು ಕೈಬಿಡುತ್ತದೆ. 2019ರ ನಂತರ ಸ್ಟಾರ್‌ಲಿಂಕ್ ಉಪಗ್ರಹಗಳು ಸಾಲುಗಟ್ಟಿದ ಮೇಲೆ ಈ ಸೌಲಭ್ಯ ಇಲ್ಲದೆ ಕೆಲಸ ನಡೆಯುವುದು ಕಷ್ಟವಾಗಿದೆ.

ಸ್ಟ್ಯಾಕಿಂಗ್ ಅಳಿಸಲಾಗದ್ದೂ ಇದೆ. ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಬರುವ ದೋಷಗಳು ಸರಾಸರಿಯಲ್ಲಿ ಹೋಗುವುದಿಲ್ಲ. ಬಿಸಿಯಾಗಿ ಸುಮ್ನೆ ಹೊಳೆಯುವ ಪಿಕ್ಸೆಲ್‌ಗಳಿಗೆ "ಡಾರ್ಕ್" ತೆಗೆಯುತ್ತಾರೆ: ಲೆನ್ಸಿನ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅಷ್ಟೇ ಸೆಕೆಂಡು, ಅದೇ ತಾಪಮಾನದಲ್ಲಿ. ಆಮೇಲೆ ಅದನ್ನು ಫೋಟೋದಿಂದ ಕಳೆಯುತ್ತಾರೆ. ಮೂಲೆಗಳ ಕಪ್ಪು, ಸೆನ್ಸರಿನ ಮೇಲಿನ ಧೂಳಿನ ಉಂಗುರ ಇವಕ್ಕೆ "ಫ್ಲ್ಯಾಟ್": ಎಲ್ಲ ಕಡೆ ಸಮವಾಗಿ ಬೆಳಗಿದ ಬಿಳಿ ಮೇಲ್ಮೈಯ ಫೋಟೋ, ಫೋಕಸ್ ಮುಟ್ಟದೆ. ಮೊದಲ ಸಲಕ್ಕೆ ಎರಡನ್ನೂ ಬಿಟ್ಟರೂ ನಡೆಯುತ್ತದೆ. ಒಂದನ್ನಾದರೂ ಮಾಡಿ ಅಂದರೆ ನಾನು ಫ್ಲ್ಯಾಟ್ ಅನ್ನುತ್ತೇನೆ.

ಆಕಾಶದ ಬೆಳಕು ಅನ್ನುವ ಶತ್ರು

ನಗರದ ದೀಪಗಳ ಬೆಳಕು ಗಾಳಿಯಲ್ಲಿ ಚದುರಿ ಆಕಾಶವನ್ನೇ ಬೆಳಗಿಸುತ್ತದೆ. ಜಾನ್ ಬಾರ್ಟಲ್ ಎಂಬ ಅಮೆರಿಕದ ಹವ್ಯಾಸಿ 2001ರಲ್ಲಿ ಆಕಾಶದ ಕತ್ತಲನ್ನು 1ರಿಂದ 9ರವರೆಗೆ ವಿಂಗಡಿಸಿದ. 1 ಅಂದರೆ ಅಪ್ಪಟ ಕತ್ತಲು, 9 ಅಂದರೆ ಮಹಾನಗರದ ನಡುಮಧ್ಯ. ಫೋಟೋ ತೆಗೆಯುವವರ ಮಾತಿನಲ್ಲಿ "ನಮ್ಮದು ಬಾರ್ಟಲ್ 7" ಅಂತ ಬಂದರೆ ಅದು ಇದೇ.

ಆ ಹಿನ್ನೆಲೆ ಬೆಳಕನ್ನು ಕಂಪ್ಯೂಟರಿನಲ್ಲಿ ಕಳೆದುಬಿಟ್ಟರಾಯಿತು, ಊರು ಬಿಟ್ಟು ಹೋಗುವುದು ಯಾಕೆ? ಒಳ್ಳೆಯ ಪ್ರಶ್ನೆ. ಬೆಳಕನ್ನು ಕಳೆಯಬಹುದು, ಅದರ ಏರುಪೇರನ್ನು ಕಳೆಯಲಾಗುವುದಿಲ್ಲ. ಅತಿ ಕತ್ತಲಿನ ಆಕಾಶಕ್ಕೂ ಬೆಳಕು ಜಾಸ್ತಿ ಇರುವ ಪಟ್ಟಣದ ಆಕಾಶಕ್ಕೂ ಹೊಳಪಿನಲ್ಲಿ 4 ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಇರಬಹುದು, ಅಂದರೆ 40 ಪಟ್ಟು. ಒಂದು ಮಂಕು ನೀಹಾರಿಕೆಯಿಂದ ಒಂದು ಪಿಕ್ಸೆಲ್‌ಗೆ 100 ಫೋಟಾನ್ ಬಂತು ಅಂತ ಇಟ್ಟುಕೊಳ್ಳಿ. ಪಟ್ಟಣದಲ್ಲಿ ಅದೇ ಪಿಕ್ಸೆಲ್‌ಗೆ ಆಕಾಶದಿಂದ 10,000 ಬಂತು. 10,000ವನ್ನು ಕಳೆದುಹಾಕಬಹುದು. ಆದರೆ ಒಟ್ಟು 10,100ರ ಏರುಪೇರು ಸುಮಾರು 100 ಅಲ್ಲೇ ಉಳಿಯುತ್ತದೆ. ನೀಹಾರಿಕೆಯೂ 100, ಏರುಪೇರೂ 100. ಏನೂ ಕಾಣುವುದಿಲ್ಲ. ಕತ್ತಲಿನ ಜಾಗದಲ್ಲಿ ಆಕಾಶದಿಂದ ಬರುವುದು 250. ಒಟ್ಟು 350ರ ಏರುಪೇರು 19ಕ್ಕಿಂತ ಕಡಿಮೆ. 100ರ ಎದುರು 19 ಅಂದರೆ ನೀಹಾರಿಕೆ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಪಟ್ಟಣದಲ್ಲಿ ಇದೇ ಸ್ಪಷ್ಟತೆ ಬೇಕು ಅಂದರೆ ಸುಮಾರು 29 ಪಟ್ಟು ಹೊತ್ತು ಫೋಟೋ ತೆಗೆಯಬೇಕು. ಕತ್ತಲಲ್ಲಿ ಒಂದು ಗಂಟೆಯ ಕೆಲಸ, ಇಲ್ಲಿ 29 ಗಂಟೆ. ಲೆನ್ಸ್ ಬದಲಿಸುವುದಕ್ಕಿಂತ ಜಾಗ ಬದಲಿಸಿ ಅಂತ ಹಳಬರು ಹೇಳುವುದು ಇದಕ್ಕೇ. ಚಂದ್ರನೂ ಇದೇ ತೊಂದರೆ ಕೊಡುತ್ತಾನೆ. ಹುಣ್ಣಿಮೆಯ ರಾತ್ರಿ ಎಂಥ ಕಗ್ಗತ್ತಲ ಜಾಗವೂ ಪಟ್ಟಣದ ಹಾಗೇ ಆಗಿಬಿಡುತ್ತದೆ.

ಫಿಲ್ಟರ್ ಹಾಕಿದರೆ? ಕೆಲವಕ್ಕೆ ಮಾತ್ರ ಲಾಭ. ಹೊಳೆಯುವ ಅನಿಲದ ನೀಹಾರಿಕೆಗಳು ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ ಬೆಳಗುತ್ತವೆ. ಹೈಡ್ರೋಜನ್ 656.3 ನ್ಯಾನೋಮೀಟರಿನ ಕೆಂಪು, ಆಕ್ಸಿಜನ್ 500.7ರ ನೀಲಿ-ಹಸಿರು. ಆ ಕೆಲವು ನ್ಯಾನೋಮೀಟರನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್ ಹಾಕಿದರೆ ನಗರದ ಬೆಳಕು ಬಹುಪಾಲು ಹೊರಗೇ ನಿಲ್ಲುತ್ತದೆ. ಗೆಲಾಕ್ಸಿಗಳಿಗೆ ಇದು ನಡೆಯುವುದಿಲ್ಲ. ಅವುಗಳ ಬೆಳಕು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣದಲ್ಲೂ ಇರುತ್ತದೆ. ಹಳೆಯ ಸೋಡಿಯಂ ಬೀದಿದೀಪಗಳ ಹಳದಿಯನ್ನು ಅಷ್ಟೋ ಇಷ್ಟೋ ತಡೆಯಬಹುದಿತ್ತು. ಎಲ್‌ಇಡಿ ದೀಪಗಳ ಬಿಳಿಯಲ್ಲಿ ಎಲ್ಲ ಬಣ್ಣವೂ ಇರುವುದರಿಂದ ಅದೂ ಕೈಬಿಟ್ಟುಹೋಯಿತು. ಇನ್ನೊಂದು ವಿಚಿತ್ರ ಇದೆ. ಸಾಮಾನ್ಯ ಕ್ಯಾಮೆರಾಗಳ ಒಳಗಿನ ಫಿಲ್ಟರ್ ಹೈಡ್ರೋಜನ್ನಿನ ಕೆಂಪನ್ನೇ ಬಹಳಷ್ಟು ತಡೆದುಬಿಡುತ್ತದೆ. ಮನುಷ್ಯರ ಮುಖ ಕೆಂಪಾಗಿ ಬರಬಾರದಲ್ಲ! ಅದಕ್ಕೆ ಕೆಲವರು ಆ ಫಿಲ್ಟರನ್ನೇ ತೆಗೆಸಿದ ಕ್ಯಾಮೆರಾ ಬಳಸುತ್ತಾರೆ.

ಫೋಕಸ್ ಮತ್ತು ಸಣ್ಣಪುಟ್ಟ ವಿಷಯಗಳು

ಕತ್ತಲಲ್ಲಿ ಆಟೋಫೋಕಸ್ ನಂಬಬೇಡಿ. ಲೆನ್ಸಿನ ಮೇಲಿನ ಅನಂತದ ಗುರುತನ್ನೂ ನಂಬಬೇಡಿ. ಒಂದು ಹೊಳೆಯುವ ನಕ್ಷತ್ರವನ್ನು ಸ್ಕ್ರೀನಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ, ಕೈಯಿಂದ ತಿರುಗಿಸುತ್ತ ಅದು ಅತಿ ಚಿಕ್ಕ ಚುಕ್ಕೆಯಾಗುವ ಜಾಗ ಹುಡುಕಿ. ಟೆಲಿಸ್ಕೋಪ್ ಇರುವವರಿಗೆ ಬಾಹ್ತಿನೋವ್ ಮಾಸ್ಕ್ ಇದೆ. ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ತಿನೋವ್ ಕಂಡುಹಿಡಿದ, ಸೀಳುಗಳಿರುವ ಒಂದು ಮುಚ್ಚಳ ಅದು. ಹಾಕಿದರೆ ನಕ್ಷತ್ರದಿಂದ ಮೂರು ಗೆರೆ ಏಳುತ್ತವೆ. ನಡುವಿನ ಗೆರೆ ಉಳಿದೆರಡರ ಸರಿಮಧ್ಯೆ ಬಂದರೆ ಫೋಕಸ್ ಸರಿ. ಇಷ್ಟು ಸರಳ, ಇಷ್ಟು ಖಚಿತ ಸಾಧನ ಈ ಹವ್ಯಾಸದಲ್ಲಿ ಬೇರೆ ಇಲ್ಲ.

ಫೋಟೋವನ್ನು ರಾ (ಸೆನ್ಸರ್ ಕೊಟ್ಟ ಮೂಲ ಮಾಹಿತಿ ಇದ್ದ ಹಾಗೇ ಇರುವ) ರೂಪದಲ್ಲೇ ತೆಗೆಯಿರಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಮಂಕು ಬೆಳಕೆಲ್ಲ ಕೆಳಗಿನ ಕೆಲವು ಮೆಟ್ಟಿಲುಗಳಲ್ಲೇ ಅಡಗಿರುತ್ತದೆ. ಇನ್ನು ಇಬ್ಬನಿ. ರಾತ್ರಿ ಸರಿದಂತೆ ಲೆನ್ಸಿನ ಮೇಲೆ ಸದ್ದಿಲ್ಲದೆ ಮಂಜು ಕೂರುತ್ತದೆ, ನಕ್ಷತ್ರಗಳೆಲ್ಲ ಊದಿಕೊಳ್ಳುತ್ತವೆ. ಲೆನ್ಸಿಗೆ ಸುತ್ತುವ ಬಿಸಿ ಪಟ್ಟಿ ಸಿಗುತ್ತದೆ. ಟಾರ್ಚ್ ಬೇಕಿದ್ದರೆ ಮಂದವಾದ ಕೆಂಪು ಬೆಳಕಿನದು ಇರಲಿ.

ಬಣ್ಣ ನಿಜವೇ?

ಸ್ಟ್ಯಾಕ್ ಮಾಡಿ ಮುಗಿಸಿದಾಗ ಸ್ಕ್ರೀನ್ ಮೇಲೆ ಬರುವುದು ಹೆಚ್ಚುಕಡಿಮೆ ಕಪ್ಪು ಚಿತ್ರ. ಬೆಳಕು ಇದೆ, ಆದರೆ ಕಪ್ಪಿನ ಪಕ್ಕದಲ್ಲೇ ಮುದುಡಿಕೊಂಡಿದೆ. ಅದನ್ನು ಎಳೆದು ಹರಡುವುದಕ್ಕೆ ಸ್ಟ್ರೆಚಿಂಗ್ ಅನ್ನುತ್ತಾರೆ. ಮಂಕಾದದ್ದನ್ನು ತುಂಬ ಮೇಲೆತ್ತಿ, ಹೊಳೆಯುವುದನ್ನು ಇದ್ದಲ್ಲೇ ಬಿಡುವ ಕೆಲಸ. ಇದಕ್ಕೆ ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್, ಗಿಂಪ್ ಅನ್ನುವ ಸಾಫ್ಟ್‌ವೇರ್‌ಗಳೆಲ್ಲ ಉಚಿತವಾಗಿಯೇ ಸಿಗುತ್ತವೆ.

ಇಲ್ಲಿ "ಇದು ಸುಳ್ಳು ಫೋಟೋ ಅಲ್ವಾ?" ಅನ್ನುವ ಪ್ರಶ್ನೆ ಏಳುತ್ತದೆ. ಓರಿಯನ್ ನೀಹಾರಿಕೆಯ ಗುಲಾಬಿ, ಆರ್ದ್ರಾ ನಕ್ಷತ್ರದ ಕಿತ್ತಳೆ, ಕೃತ್ತಿಕೆಯ ಸುತ್ತಲಿನ ನೀಲಿ, ಇವೆಲ್ಲ ಬಂದ ಬೆಳಕಿನಲ್ಲೇ ಇರುವ ಬಣ್ಣಗಳು. ಎಷ್ಟು ಗಾಢ ಅನ್ನುವುದು ತೆಗೆದವರ ಇಷ್ಟ. ಹಬಲ್ ಟೆಲಿಸ್ಕೋಪಿನ ಚಿತ್ರಗಳಿಂದ ಹೆಸರಾದ ಚಿನ್ನ-ನೀಲಿ ಬಣ್ಣಗಳ ಕತೆ ಬೇರೆ. ಅಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಕ್ಸಿಜನ್ನಿಗೆ ನೀಲಿ ಅಂತ ಹಂಚಿರುತ್ತಾರೆ. ಯಾವ ಅನಿಲ ಎಲ್ಲಿದೆ ಅಂತ ತೋರಿಸುವ ನಕ್ಷೆ ಅದು. ಇವೆರಡರ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ಬೇರೆ ಜಾಗದಲ್ಲಿ ತೆಗೆದ ಆಕಾಶಗಂಗೆಯನ್ನು ತಂದು, ಅದು ಎಂದೂ ಬರದ ದಿಕ್ಕಿನಲ್ಲಿ ಬೆಟ್ಟದ ಮೇಲೆ ಅಂಟಿಸಿ, ಅದನ್ನು ಹೇಳದೆ ಬಿಡುವುದು ಬೇರೆ ಮಾತು. ಇಲ್ಲದ ವಿವರವನ್ನು ಊಹಿಸಿ ತುಂಬುವ ಎಐ ಉಪಕರಣಗಳೂ ಅದೇ ಸಾಲಿಗೆ ಸೇರುತ್ತವೆ. ಇಷ್ಟೊಂದು ಕಷ್ಟಪಟ್ಟು ಫೋಟಾನ್ ಎಣಿಸಿದ್ದು ಯಾಕೆ ಮತ್ತೆ?

ಗ್ರಹಗಳ ಲೆಕ್ಕ ಉಲ್ಟಾ

ಗುರು, ಶನಿ, ಚಂದ್ರ ಇವಕ್ಕೆ ಮೇಲಿನದೆಲ್ಲ ತಿರುಗುಮುರುಗು. ಅವು ಹೊಳಪಾಗಿವೆ, ಗ್ರಹಗಳಂತೂ ತೀರಾ ಚಿಕ್ಕವು. ಗುರು ಹತ್ತಿರ ಬಂದಾಗಲೂ ಸುಮಾರು 45 ಆರ್ಕ್‌ಸೆಕೆಂಡು ಅಗಲ, ಚಂದ್ರನ ನಲವತ್ತನೇ ಒಂದು ಭಾಗ. ಇಲ್ಲಿ ಜೂಮ್ ಬೇಕು, ಕತ್ತಲು ಬೇಕಿಲ್ಲ, ಮಹಾನಗರದ ತಾರಸಿಯೂ ಸಾಕು. ಕಾಟ ಕೊಡುವುದು ಅಲುಗಾಡುವ ಗಾಳಿ. ಅದಕ್ಕೆ ವಿಡಿಯೋ ತೆಗೆದು, ಸಾವಿರಾರು ಫ್ರೇಮುಗಳಲ್ಲಿ ಗಾಳಿ ಒಂದು ಕ್ಷಣ ಸುಮ್ಮನಿದ್ದಾಗ ಸಿಕ್ಕವನ್ನು ಮಾತ್ರ ಆರಿಸಿ ಸ್ಟ್ಯಾಕ್ ಮಾಡುತ್ತಾರೆ. ಗುರು 10 ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ವಿಡಿಯೋ ಕೆಲವು ನಿಮಿಷ ದಾಟಿದರೆ ಪಟ್ಟೆಗಳೇ ಕಲಸಿಹೋಗುತ್ತವೆ. ಚಂದ್ರ ಎಲ್ಲಕ್ಕಿಂತ ಸುಲಭ. ಬಿಸಿಲು ಬಿದ್ದ ಕಲ್ಲಲ್ವಾ ಅದು? ಎಫ್/11, ಐಎಸ್‌ಒ 100, ಸೆಕೆಂಡಿನ ನೂರನೇ ಒಂದು ಭಾಗ. ಹುಣ್ಣಿಮೆಗಿಂತ ಅರ್ಧಚಂದ್ರ ಚೆನ್ನ, ಕುಳಿಗಳ ನೆರಳು ಕಾಣುತ್ತದೆ.

ಹವ್ಯಾಸಿಗಳು ಈಗಲೂ ಹೊಸದನ್ನು ಕಾಣುತ್ತಿದ್ದಾರೆ

ದೊಡ್ಡ ವೀಕ್ಷಣಾಲಯಗಳಲ್ಲಿ ಟೆಲಿಸ್ಕೋಪ್ ಸಮಯ ಸಿಗುವುದು ಅಪರೂಪ. ಹವ್ಯಾಸಿಗೆ ತನ್ನ ರಾತ್ರಿಗಳೆಲ್ಲ ತನ್ನವೇ. 2016ರ ಸೆಪ್ಟೆಂಬರ್ 20ರಂದು ಅರ್ಜೆಂಟೀನಾದ ವಿಕ್ಟರ್ ಬುಸೊ ತನ್ನ 16 ಇಂಚಿನ ಟೆಲಿಸ್ಕೋಪಿನಿಂದ ಎನ್‌ಜಿಸಿ 613 ಗೆಲಾಕ್ಸಿಯ ಚಿಕ್ಕ ಚಿಕ್ಕ ಎಕ್ಸ್‌ಪೋಷರ್ ತೆಗೆಯುತ್ತಿದ್ದ. ಅಷ್ಟರಲ್ಲಿ ಅಲ್ಲೊಂದು ನಕ್ಷತ್ರ ಸಿಡಿಯಿತು. ಸೂಪರ್‌ನೋವಾ ಒಂದರ ಮೊದಲ ಬೆಳಕು ಏರುವುದೇ ಅವನ ಫೋಟೋಗಳಲ್ಲಿ ಸಾಲಾಗಿ ದಾಖಲಾಯಿತು. 2022ರಲ್ಲಿ ಡ್ರೆಕ್ಸ್‌ಲರ್, ಸ್ಟ್ರಾಟ್ನರ್, ಸೆಂಟಿ ಎಂಬ ಮೂವರು ಹವ್ಯಾಸಿಗಳು ಆಕ್ಸಿಜನ್ ಫಿಲ್ಟರ್ ಹಾಕಿ ಆಂಡ್ರೊಮಿಡಾ ಕಡೆ 100 ಗಂಟೆಗೂ ಮೀರಿ ಬೆಳಕು ಕೂಡಿಟ್ಟರು. ಗೆಲಾಕ್ಸಿಯ ಪಕ್ಕದಲ್ಲಿ ಅಲ್ಲಿಯವರೆಗೆ ಯಾರೂ ಕಾಣದ, ಹೊಳೆಯುವ ಅನಿಲದ ದೊಡ್ಡ ನೀಲಿ ಕಮಾನೊಂದು ಹೊರಬಂತು. ಆಕಾಶದಲ್ಲಿ ಅಷ್ಟೊಂದು ಫೋಟೋಗೆ ಸಿಕ್ಕ ಜಾಗ ಇನ್ನೊಂದು ಇರಲಿಕ್ಕಿಲ್ಲ. ಆದರೂ ತಪ್ಪಿಹೋಗಿತ್ತು.

ಶುರು ಮಾಡುವವರಿಗೆ ನನ್ನ ಸಲಹೆ ಓರಿಯನ್, ಅಂದರೆ ಮಹಾವ್ಯಾಧ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಂಜೆಯ ಆಕಾಶದಲ್ಲಿ ಇರುತ್ತದೆ, ಭೂಮಿಯ ಎರಡೂ ಅರ್ಧಗಳಿಗೆ ಕಾಣುತ್ತದೆ. ಟ್ರೈಪಾಡ್, 50 ಮಿ.ಮೀ. ಲೆನ್ಸ್, ಎಫ್/2 ಅಥವಾ 2.8, ಐಎಸ್‌ಒ 1600. ಟ್ರ್ಯಾಕರ್ ಇಲ್ಲದಿದ್ದರೆ ಒಂದೊಂದು ಫೋಟೋ 3 ಸೆಕೆಂಡು, ಅಂಥವು 300. ಒಟ್ಟು 15 ನಿಮಿಷದ ಬೆಳಕು. ಅಷ್ಟರಲ್ಲಿ ಆಕಾಶ 4 ಡಿಗ್ರಿಯಷ್ಟು ಸರಿದಿರುತ್ತದೆ. ನಡುವೆ ಒಂದೆರಡು ಸಲ ಕ್ಯಾಮೆರಾವನ್ನು ಮತ್ತೆ ಗುರಿಯಿಟ್ಟರೆ ಸಾಕು, ಉಳಿದದ್ದನ್ನು ಸಿರಿಲ್ ಹೊಂದಿಸಿಕೊಳ್ಳುತ್ತದೆ. ಸ್ಟ್ರೆಚ್ ಮಾಡಿದಾಗ ನೀಹಾರಿಕೆಯ ಗುಲಾಬಿ ಮತ್ತು ಅದರ ಎರಡು ರೆಕ್ಕೆಗಳು ಬರುತ್ತವೆ. ಪಕ್ಕದ ಕುದುರೆ ತಲೆ ನೀಹಾರಿಕೆ ಮಾತ್ರ ಇಷ್ಟಕ್ಕೆ ಸಿಗುವುದಿಲ್ಲ. ಅದಕ್ಕೆ ಟ್ರ್ಯಾಕರ್ ಬೇಕು, ಹೈಡ್ರೋಜನ್ನಿನ ಕೆಂಪನ್ನು ತಡೆಯದ ಕ್ಯಾಮೆರಾ ಬೇಕು, ಒಂದೆರಡು ಗಂಟೆಯ ಕತ್ತಲು ಬೇಕು.